ಹೌಸ್‌ಕೀಪಿಂಗ್‌ನವರನ್ನು ಹೊರಗಿಟ್ಟು ಎಂಜಿನಿಯರುಗಳ ಸಂಘವೇ?

2025ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿಯ ಪ್ರಸ್ತಾವ ಮುಂದಿಟ್ಟಿತು. ದಿನದ ದುಡಿಮೆ 9 ಗಂಟೆಯಿಂದ 10ಕ್ಕೆ, ಓವರ್‌ಟೈಮ್ ಸೇರಿದರೆ 12ಕ್ಕೆ. ಮೂರು ತಿಂಗಳ ಓವರ್‌ಟೈಮ್ ಮಿತಿ 50 ಗಂಟೆಯಿಂದ 144ಕ್ಕೆ. ಅದಕ್ಕೂ ಹಿಂದಿನ ವರ್ಷ ಐಟಿಯವರಿಗೆ 14 ಗಂಟೆಯ ಪ್ರಸ್ತಾವವೇ ಬಂದು, ವಿರೋಧ ಎದ್ದ ಮೇಲೆ ತಣ್ಣಗಾಗಿತ್ತು. ಎರಡೂ ಸಲ ಎದುರು ನಿಂತದ್ದು 2017ರಲ್ಲಿ ಹುಟ್ಟಿದ ಐಟಿ ನೌಕರರ ಸಂಘ ‘ಕಿಟು’. ರಾಜಾಜಿನಗರ, ವಿಜಯನಗರ, ಕೆಂಗೇರಿಯ ನಮ್ಮಂಥ ಬಹುಪಾಲು ಎಂಜಿನಿಯರುಗಳು ವಾಟ್ಸಾಪ್‌ನಲ್ಲಿ ಮೀಮ್ ಹಂಚಿ ಸುಮ್ಮನಾದೆವು.

ಲೆಕ್ಕ ಬಾರದೆ ಸುಮ್ಮನಾದದ್ದಲ್ಲ. ಕೆಂಗೇರಿಯಲ್ಲಿ ಮನೆ, ವೈಟ್‌ಫೀಲ್ಡ್‌ನಲ್ಲಿ ಕೆಲಸ ಎಂದರೆ ನೇರಳೆ ಮಾರ್ಗದ ಮೆಟ್ರೊದಲ್ಲೇ ಹೋಗಿಬಂದರೂ ಮೂರು ಗಂಟೆ ಬೇಕು. ಹನ್ನೆರಡಕ್ಕೆ ಮೂರು ಕೂಡಿಸಿ ಉಳಿದದ್ದರಲ್ಲಿ ನಿದ್ದೆ, ಊಟ, ಮಕ್ಕಳ ಹೋಮ್‌ವರ್ಕ್, ಹಾಸಿಗೆ ಹಿಡಿದ ಅತ್ತೆಯ ಔಷಧಿ. ಇದರಲ್ಲಿ ಯಾರ ಪಾಲು ಹೆಚ್ಚೆಂದು ಮನೆಯ ಹೆಣ್ಣುಮಕ್ಕಳನ್ನು ಕೇಳಿ. ಇಷ್ಟು ಗೊತ್ತಿದ್ದೂ ಬಾಯಿ ಕಟ್ಟುವುದು ‘ನಾವೇನು ಲೇಬರ್ರಾ?’ ಎಂಬ ಒಣಜಂಬ.

ಈ ಜಂಬ ಬೆಂಗಳೂರಿನ ಪಶ್ಚಿಮಕ್ಕೆ ಸಲ್ಲದು. ರಾಜಾಜಿನಗರ ಹುಟ್ಟಿದ್ದೇ ಕೈಗಾರಿಕೆಯ ಬಡಾವಣೆಯಾಗಿ. ಡಾ. ರಾಜ್‌ಕುಮಾರ್ ರಸ್ತೆಯ ಕಿರ್ಲೋಸ್ಕರ್ ಕಾರ್ಖಾನೆಯ ಜಾಗದಲ್ಲಿ ಇಂದು ಒರಾಯನ್ ಮಾಲ್, ವರ್ಲ್ಡ್ ಟ್ರೇಡ್ ಸೆಂಟರ್ ನಿಂತಿವೆ. ಅಮೆಜಾನ್ ಅಲ್ಲಿ ವರ್ಷಗಟ್ಟಲೆ ಕಚೇರಿ ನಡೆಸಿತು. ಮೋಟಾರು ಹೋಗಿ ಲ್ಯಾಪ್‌ಟಾಪ್ ಬಂತು, ಸಂಬಳಕ್ಕೆ ದುಡಿಯುವವನ ಪಾಡು ಬದಲಾಗಲಿಲ್ಲ. ಫೆಬ್ರುವರಿ 2025ರಲ್ಲಿ ಇನ್ಫೊಸಿಸ್‌ನ ಮೈಸೂರು ಕ್ಯಾಂಪಸ್ಸಿನಿಂದ 300ಕ್ಕೂ ಹೆಚ್ಚು ಟ್ರೈನಿಗಳನ್ನು ಹೊರಕಳಿಸಿದಾಗ ಅವರ ಡಿಗ್ರಿಯೇನೂ ಅಡ್ಡ ಬರಲಿಲ್ಲ.

‘ಸಂಘ ಕಟ್ಟಿದರೆ ಕಂಪನಿಗಳು ಊರು ಬಿಡುತ್ತವೆ, ಆಂಧ್ರದವರು ಆಗಲೇ 10 ಗಂಟೆ ಮಾಡಿಕೊಂಡಿದ್ದಾರೆ’ ಎಂಬ ಬೆದರಿಕೆಯಿದೆ. ಆಂಧ್ರ 10 ಎಂದರೆ ನಾವು 12. ನಾವು 12 ಎಂದ ಮರುದಿನ ಇನ್ನೊಬ್ಬರು 14. ಈ ಹರಾಜಿನಲ್ಲಿ ಗೆದ್ದ ರಾಜ್ಯದ ನೌಕರನೇ ಮೊದಲು ಸೋಲುವವನು. ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಅಂಬೇಡ್ಕರ್ 1946ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ವಾರದ ದುಡಿಮೆಯನ್ನು 48 ಗಂಟೆಗೆ ಇಳಿಸಿದರು. ಉದ್ಯಮ ಮುಳುಗಲಿಲ್ಲ. ಮಲ್ಲತ್ತಹಳ್ಳಿಯಲ್ಲಿ ಅವರ ಹೆಸರಿನ ಎಂಜಿನಿಯರಿಂಗ್ ಕಾಲೇಜೇ ಇದೆ. ಅಲ್ಲೂ, ಕೆಂಗೇರಿ ಸುತ್ತಲ ಕಾಲೇಜುಗಳಲ್ಲೂ ಪ್ಲೇಸ್‌ಮೆಂಟ್‌ಗೆ ಮೊದಲು ಈ ಪಾಠ ಆಗಬೇಕು.

ಹಾಗೆಂದು ನಮ್ಮ ಶಿಫ್ಟಿನ ದೂರನ್ನಷ್ಟೇ ಹೊತ್ತ ಸಂಘ ನನಗೆ ಬೇಡ. ಅಂಗಡಿ ಕಾಯ್ದೆ ಸಡಿಲವಾದರೆ ಚಿಕ್ಕಪೇಟೆಯ ಸೀರೆ ಅಂಗಡಿಯ ಹುಡುಗಿಯೂ ಹನ್ನೆರಡು ಗಂಟೆ ನಿಂತೇ ಇರಬೇಕು. ನಮ್ಮ ಮಹಡಿ ಒರೆಸುವ ಹೌಸ್‌ಕೀಪಿಂಗ್ ಹೆಂಗಸಿನ ಸಂಬಳ 21,000 ರೂಪಾಯಿ ದಾಟದಿದ್ದರೆ ಆಕೆಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಿದೆ, ಅದೂ ಕಂತ್ರಾಟುದಾರ ವಂತಿಗೆ ಸರಿಯಾಗಿ ಕಟ್ಟಿದ್ದರೆ. ನಮಗೆ ಕಂಪನಿಯ ಇನ್ಶೂರೆನ್ಸ್, ಅದೂ ಲೇಆಫ್ ಆಗುವವರೆಗೆ. ಇಬ್ಬರ ನೆಲವೂ ಗಟ್ಟಿಯಿಲ್ಲ.

ಇನ್ನೊಂದು ಕಡೆ ನಾವೇ ಆರೋಪಿಗಳು. ಬಸವೇಶ್ವರನಗರದಲ್ಲಿ ಮಳೆಯಲ್ಲಿ ನೆನೆಯುತ್ತ ಪಾರ್ಸೆಲ್ ತರುವ ಹುಡುಗನ ಐಡಿಯನ್ನು ರಾತ್ರೋರಾತ್ರಿ ಬ್ಲಾಕ್ ಮಾಡುವ ಕೋಡ್ ಬರೆದದ್ದು ನಮ್ಮ ಪೈಕಿಯ ಎಂಜಿನಿಯರೇ. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾನೂನು ಕೆಲಸದಿಂದ ತೆಗೆಯುವ ಮುನ್ನ 14 ದಿನಗಳ ನೋಟಿಸ್ ಕೇಳುತ್ತದೆ, ಆ್ಯಪ್ ಯಾವ ಲೆಕ್ಕದಲ್ಲಿ ಕೆಲಸ ಹಂಚುತ್ತದೆ ಎಂದು ಹೇಳಿಸುತ್ತದೆ. ಆ ಲೆಕ್ಕ ಬಲ್ಲವರು ನಾವು. ಅದನ್ನು ಡೆಲಿವರಿ ಹುಡುಗರಿಗೆ ಅವರ ಮಾತಿನಲ್ಲಿ ಬಿಡಿಸಿ ಹೇಳದ ಎಂಜಿನಿಯರು ಸಾಮಾಜಿಕ ನ್ಯಾಯದ ಮಾತಾಡುವುದು ಬೇಡ.

ಒಳಗಿನ ಕಸವೂ ಇದೆ. ‘ರೆಫರಲ್’ ಎಂಬ ಬಾಗಿಲು ಗೆಳೆಯರ ಗೆಳೆಯರಿಗೇ ತೆರೆಯುತ್ತದೆ. ಮನೆಯಲ್ಲಿ ಮೊದಲ ಸಲ ಎಂಜಿನಿಯರಿಂಗ್ ಓದಿದ ದಲಿತ ಹುಡುಗಿಗೆ ಆ ಗೆಳೆಯರು ಎಲ್ಲಿಂದ ಬರಬೇಕು? ಜುಲೈ 2024ರಲ್ಲಿ ಸ್ಥಳೀಯರ ಮೀಸಲು ಮಸೂದೆ ಬಂದಾಗ ಕನ್ನಡಿಗ–ಹೊರಗಿನವ ಎಂದು ಕಿತ್ತಾಡಿದೆವು. ಅದೇ ತಿಂಗಳು 14 ಗಂಟೆಯ ಪ್ರಸ್ತಾವ ಇಬ್ಬರ ತಲೆಯ ಮೇಲೂ ತೂಗುತ್ತಿತ್ತು. ಸಂಘದ ಸಭೆ ಕನ್ನಡದಲ್ಲೇ ನಡೆಯಲಿ, ಏಕೆಂದರೆ ಸೆಕ್ಯುರಿಟಿಯವರಿಗೂ ಹೌಸ್‌ಕೀಪಿಂಗ್‌ನವರಿಗೂ ತಿಳಿಯಬೇಕು. ಹೊರಗಿನಿಂದ ಬಂದವರಿಗೆ ಪಕ್ಕದಲ್ಲಿ ಕೂತು ಅರ್ಥ ಹೇಳುವವರು ನಾವಾಗೋಣ. ಗೂಗಲ್‌ನವರು 2021ರಲ್ಲಿ ಕಟ್ಟಿದ ಆಲ್ಫಬೆಟ್ ವರ್ಕರ್ಸ್ ಯೂನಿಯನ್ ಕಾಂಟ್ರ್ಯಾಕ್ಟ್ ನೌಕರರಿಗೂ ಸದಸ್ಯತ್ವ ಕೊಟ್ಟಿತು. ವಿಜಯನಗರದಲ್ಲಿ ಅದು ಆಗದೆಂದು ಯಾರು ಹೇಳಿದರು?

ಸಂಘದ ಅರ್ಜಿ ತುಂಬುವುದು ಮೊದಲ ಕೆಲಸ. ನಮ್ಮ ಮಹಡಿಯ ಕಂತ್ರಾಟು ಕೆಲಸಗಾರರ ಪಿಎಫ್, ಇಎಸ್‌ಐ ಕಟ್ಟಲಾಗಿದೆಯೇ ಎಂದು ಎಚ್‌ಆರ್‌ಗೆ ಹತ್ತು ಜನ ಸಹಿ ಹಾಕಿ ಕೇಳುವುದು ಎರಡನೆಯದು. ಕಂತ್ರಾಟುದಾರ ತಪ್ಪಿದರೆ ಕಾನೂನಿನ ಹೊಣೆ ಕಂಪನಿಯದೇ. ಈ ಎರಡನೆಯ ಕೆಲಸ ಮಾಡದಿದ್ದರೆ ನಾವು ಕಟ್ಟುವುದು ಸಂಘವಲ್ಲ, ಕೆಲಸದವರಿಗೆ ಬೇರೆ ಲಿಫ್ಟ್ ಇಡುವ ಇನ್ನೊಂದು ಅಪಾರ್ಟ್‌ಮೆಂಟ್ ಅಸೋಸಿಯೇಷನ್.