ಸಡಿಲಗೊಂಡ ಸ್ಟಿಯರಿಂಗ್: ರಿಪೇರಿಗೂ ಬೇಕು ಖಾತರಿ

ರಾಜಾಜಿನಗರ, ಕಾಮಾಕ್ಷಿಪಾಳ್ಯ, ಸುಂಕದಕಟ್ಟೆಗಳ ಸಣ್ಣ ಕಾರ್ಖಾನೆಗಳಿಂದ ಹೊರಡುವ ಬಿಡಿಭಾಗಗಳಾಗಲಿ, ಯಶವಂತಪುರದ ಎಪಿಎಂಸಿ ಪ್ರಾಂಗಣದಿಂದ ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಅಂಗಡಿಗಳನ್ನು ಸೇರುವ ದಿನಸಿಯಾಗಲಿ, ಊರೊಳಗಿನ ಸರಕು ಸಾಗಣೆಯ ದೊಡ್ಡ ಭಾರವನ್ನು ಹೊತ್ತಿರುವುದು ಪಿಕಪ್ ವಾಹನಗಳು. ಇವುಗಳಲ್ಲಿ ಹಲವಕ್ಕೆ ಚಾಲಕನೇ ಮಾಲೀಕ. ಗಾಡಿ ಓಡಿದ ದಿನ ಸಂಪಾದನೆ, ನಿಂತ ದಿನ ಸಾಲದ ಕಂತಿನ ಚಿಂತೆ. ಇಂಥ ವಾಹನದ ಸ್ಟಿಯರಿಂಗ್ ಬಾಕ್ಸ್ ಸವೆದರೆ ಏನು ಮಾಡಬೇಕು ಎಂಬುದು ಮೇಲ್ನೋಟಕ್ಕೆ ಮೆಕ್ಯಾನಿಕ್‌ಗೆ ಬಿಟ್ಟ ವಿಷಯ. ವಾಸ್ತವದಲ್ಲಿ ಅದೇ ರಸ್ತೆಯಲ್ಲಿ ನಡೆಯುವ, ಸ್ಕೂಟರ್ ಓಡಿಸುವ ಎಲ್ಲರಿಗೂ ಸಂಬಂಧಿಸಿದ ವಿಷಯ.

ಈಚಿನ ಅನೇಕ ಲಘು ವಾಹನಗಳಲ್ಲಿ ರ‍್ಯಾಕ್ ಮತ್ತು ಪಿನಿಯನ್ ವ್ಯವಸ್ಥೆ ಇದ್ದರೂ, ಹಳೆಯ ಪಿಕಪ್‌ಗಳಲ್ಲಿ ಇರುವುದು ಲೋಹದ ಪೆಟ್ಟಿಗೆಯೊಳಗಿನ ಸ್ಟಿಯರಿಂಗ್ ಬಾಕ್ಸ್. ಚಾಲಕ ತಿರುಗಿಸುವ ಚಕ್ರಕ್ಕೆ ಜೋಡಿಸಿದ ತಿರುಪಿನಾಕಾರದ ವರ್ಮ್, ಸಣ್ಣ ಉಕ್ಕಿನ ಗುಂಡುಗಳ ಮೇಲೆ ಜಾರುವ ನಟ್, ಅದರ ಹಲ್ಲುಗಳಿಗೆ ಕಚ್ಚಿಕೊಂಡ ಸೆಕ್ಟರ್ ಶಾಫ್ಟ್ ಇವು ಅದರ ಮುಖ್ಯ ಅಂಗಗಳು. ವಾಹನ ಹೆಚ್ಚಿನ ಹೊತ್ತು ನೇರವಾಗಿ ಚಲಿಸುವುದರಿಂದ ಹಲ್ಲುಗಳ ನಡುಭಾಗವೇ ಮೊದಲು ಸವೆಯುತ್ತದೆ. ಮಿತಿಮೀರಿದ ಹೊರೆ ಮತ್ತು ರಸ್ತೆಗುಂಡಿಗಳು ಈ ಸವೆತವನ್ನು ತ್ವರಿತಗೊಳಿಸುತ್ತವೆ. 2019ರಲ್ಲೂ 2022ರಲ್ಲೂ ಸುಮನಹಳ್ಳಿ ಮೇಲ್ಸೇತುವೆಯ ಮೇಲೆಯೇ ರಂಧ್ರ ಬಿದ್ದುದನ್ನು ಕಂಡ ಈ ಭಾಗದ ನಾಗರಿಕರಿಗೆ ರಸ್ತೆಗಳ ಗುಣಮಟ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಈ ಬಗ್ಗೆ ಮೌನವಾಗಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 98ನೇ ನಿಯಮದ ಪ್ರಕಾರ ಸ್ಟಿಯರಿಂಗ್ ಚಕ್ರದ ಸಡಿಲ ಚಲನೆ 30 ಡಿಗ್ರಿ ಮೀರಕೂಡದು. ಅಂದರೆ ಗಡಿಯಾರದ ಮುಳ್ಳು ಹನ್ನೆರಡರಿಂದ ಒಂದಕ್ಕೆ ಸರಿಯುವಷ್ಟು. ಹದಿನಾರು ಅಂಗುಲ ವ್ಯಾಸದ ಚಕ್ರದ ಅಂಚಿನಲ್ಲಿ ಇದು ಸುಮಾರು ನಾಲ್ಕು ಅಂಗುಲ. ಗಂಟೆಗೆ 40 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿನಲ್ಲಿ 11 ಮೀಟರ್ ಮುಂದೆ ಸಾಗಿರುತ್ತದೆ. ಕೈಯ ಚಲನೆ ಚಕ್ರಕ್ಕೆ ತಲುಪುವ ಮುನ್ನ ವ್ಯರ್ಥವಾಗುವ ಅರೆಕ್ಷಣವೂ ಮಾಗಡಿ ರಸ್ತೆಯಂಥ ಕಡೆ ಎಷ್ಟು ದುಬಾರಿಯಾದೀತು ಎಂಬುದನ್ನು ಊಹಿಸಬಹುದು.

ಸಡಿಲತೆ ಕಂಡಾಕ್ಷಣ ದೋಷ ಬಾಕ್ಸಿನದೇ ಎಂದು ತೀರ್ಮಾನಿಸುವುದೂ ಸರಿಯಲ್ಲ. ಟೈ ರಾಡ್, ಡ್ರ್ಯಾಗ್ ಲಿಂಕ್‌ಗಳ ಬಾಲ್ ಜಾಯಿಂಟ್, ಕಿಂಗ್ ಪಿನ್, ಚಕ್ರದ ಬೇರಿಂಗ್, ಬಾಕ್ಸನ್ನು ಚಾಸಿಗೆ ಬಿಗಿದ ಬೋಲ್ಟ್ ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು. ಒಬ್ಬರು ಸ್ಟಿಯರಿಂಗನ್ನು ಅತ್ತಿತ್ತ ಅಲುಗಾಡಿಸುವಾಗ ಇನ್ನೊಬ್ಬರು ಕೆಳಗಿನಿಂದ ಗಮನಿಸಿದರೆ ಸಾಕು, ಚಲನೆ ಎಲ್ಲಿ ಕಳೆದುಹೋಗುತ್ತಿದೆ ಎಂಬುದು ತಿಳಿಯುತ್ತದೆ. ಬಾಕ್ಸಿನೊಳಕ್ಕೆ ಹೋಗುವ ಶಾಫ್ಟ್ ತಿರುಗಿಯೂ ಹೊರಗಿನ ಡ್ರಾಪ್ ಆರ್ಮ್ ಕದಲದಿದ್ದರೆ ಮಾತ್ರ ಸವೆತ ಒಳಗಿದೆ ಎಂದರ್ಥ.

ಆಗ ಮಾಲೀಕನ ಮುಂದೆ ನಾಲ್ಕು ದಾರಿಗಳಿವೆ. ಮೊದಲನೆಯದು, ಬಾಕ್ಸಿನ ಮುಚ್ಚಳದ ಮೇಲಿನ ಹೊಂದಾಣಿಕೆಯ ತಿರುಪನ್ನು ಬಿಗಿ ಮಾಡಿಸುವುದು. ಇದು ಅಗ್ಗ, ಅಲ್ಪ ಸವೆತಕ್ಕೆ ಸಾಕು. ಆದರೆ ಹೆಚ್ಚು ಸವೆದ ಬಾಕ್ಸನ್ನು ನೇರ ಸ್ಥಿತಿಯಲ್ಲಿ ಬಿಗಿಗೊಳಿಸಿದರೆ, ಸವೆಯದ ಹಲ್ಲುಗಳಿರುವ ಅಕ್ಕಪಕ್ಕದಲ್ಲಿ ಅದು ಕಚ್ಚಿಕೊಳ್ಳುತ್ತದೆ. ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ. ಎರಡನೆಯದು, ಗುಜರಿಯಿಂದ ಹಳೆಯ ಬಾಕ್ಸ್ ತರುವುದು. ಮೂರನೆಯದು, ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಹೊಸದನ್ನು ಕೊಳ್ಳುವುದು. ನಾಲ್ಕನೆಯದು, ಇದ್ದುದನ್ನೇ ಬಿಚ್ಚಿಸಿ ಬೇರಿಂಗ್, ಬುಷ್, ಆಯಿಲ್ ಸೀಲ್ ಮತ್ತು ಸವೆದ ಅಂಗಗಳನ್ನು ಬದಲಿಸಿ ಪುನರ್ನಿರ್ಮಿಸುವುದು. ಒಳ್ಳೆಯ ಕೆಲಸಗಾರ ಮಾಡಿದ ಪುನರ್ನಿರ್ಮಾಣ ಅನೇಕ ವೇಳೆ ಅತ್ಯಂತ ಮಿತವ್ಯಯದ ಮಾರ್ಗ. ಆದರೂ ಅವಸರದಲ್ಲಿರುವವನು ಆರಿಸುವುದು ತಿರುಪನ್ನು ಅಥವಾ ಗುಜರಿಯನ್ನು.

ಇದಕ್ಕೆ ಚಾಲಕನ ಅಜ್ಞಾನವನ್ನು ದೂರುವುದು ಸುಲಭ. ಅರ್ಥಶಾಸ್ತ್ರ ಬೇರೆ ಉತ್ತರ ನೀಡುತ್ತದೆ. ಹಳೆಯ ಕಾರುಗಳ ಮಾರುಕಟ್ಟೆಯನ್ನು ಕುರಿತು ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಬಂಧ ಪ್ರಸಿದ್ಧವಾದದ್ದು. 2001ರಲ್ಲಿ ಅವರು ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು. ವಸ್ತುವಿನ ಗುಣ ಮಾರುವವನಿಗೆ ಮಾತ್ರ ಗೊತ್ತಿದ್ದು ಕೊಳ್ಳುವವನಿಗೆ ತಿಳಿಯದಿದ್ದಾಗ, ಕೊಳ್ಳುವವನು ಒಳ್ಳೆಯದಕ್ಕೆ ಹೆಚ್ಚು ಬೆಲೆ ಕೊಡಲು ಹಿಂಜರಿಯುತ್ತಾನೆ. ಪರಿಣಾಮವಾಗಿ ಒಳ್ಳೆಯ ಸರಕೇ ಮಾರುಕಟ್ಟೆಯಿಂದ ನಿರ್ಗಮಿಸುತ್ತದೆ. ಮುಚ್ಚಿದ ಲೋಹದ ಪೆಟ್ಟಿಗೆಗೆ ಈ ಮಾತು ಇನ್ನೂ ಚೆನ್ನಾಗಿ ಅನ್ವಯಿಸುತ್ತದೆ. ಒಳಗಿನ ಹಲ್ಲು ಹೊಸದೋ ಹಳೆಯದೋ ಹೊರಗಿನಿಂದ ಕಾಣುವುದಿಲ್ಲ. ಬಣ್ಣ ಬಳಿದ ಬಾಕ್ಸಿಗೂ ಶ್ರದ್ಧೆಯಿಂದ ಕಟ್ಟಿದ ಬಾಕ್ಸಿಗೂ ಒಂದೇ ಬೆಲೆ ಸಿಗುವುದಾದರೆ ಶ್ರದ್ಧೆಯಿಂದ ಕಟ್ಟುವವನಿಗೆ ಉಳಿಯುವುದೇನು? ಅಪಘಾತವಾದರೆ ಪೆಟ್ಟು ತಿನ್ನುವವರು ಈ ವ್ಯವಹಾರದಲ್ಲಿ ಪಾಲೇ ಇಲ್ಲದ ದಾರಿಹೋಕರು. ಸವೆತಕ್ಕೆ ವಾಹನ ವಿಮೆಯೂ ಹಣ ಕೊಡುವುದಿಲ್ಲ.

ಹೊಸ ವಾಹನ ಕೊಳ್ಳಲಿ ಎಂಬ ವಾದವೂ ಇದೆ. ಹಳೆಯ ವಾಹನಗಳ ಗುಜರಿ ನೀತಿ 2021ರಲ್ಲಿ ಬಂತು. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ 2023ರ ಏಪ್ರಿಲ್ 1ರಿಂದ ನಿಂತಿತು. ಸರ್ಕಾರ ತನ್ನ ಜೀಪನ್ನು ಬೊಕ್ಕಸದ ಹಣದಿಂದ ಬದಲಿಸಬಲ್ಲದು. ಒಂದೇ ಗಾಡಿಯನ್ನು ನಂಬಿದ ಕುಟುಂಬಕ್ಕೆ ಆ ಸೌಲಭ್ಯವಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದದ್ದು ಸ್ವಾಗತಾರ್ಹ. ಬಿಲ್ಲಿಲ್ಲದ ಸರಕಿನ ಆಕರ್ಷಣೆ ಅದರಿಂದ ಕೊಂಚ ತಗ್ಗಬಹುದು. ಆದರೆ ತೆರಿಗೆ ಕಡಿತ ಬೆಲೆಯನ್ನು ಇಳಿಸೀತೇ ಹೊರತು ವಿಶ್ವಾಸವನ್ನು ಹುಟ್ಟಿಸದು.

ವಿಶ್ವಾಸ ಹುಟ್ಟಿಸುವ ಮಾದರಿ ನಮ್ಮ ಅಡುಗೆಮನೆಯಲ್ಲೇ ಇದೆ. ಅಡುಗೆ ಅನಿಲದ ಸಿಲಿಂಡರನ್ನು ಯಾರೂ ರಿಪೇರಿ ಮಾಡಿಸಿಕೊಳ್ಳುವುದಿಲ್ಲ. ಠೇವಣಿ ಇಟ್ಟು, ಖಾಲಿಯದನ್ನು ಕೊಟ್ಟು, ತುಂಬಿದ್ದನ್ನು ಪಡೆಯುತ್ತೇವೆ. ಮುಂದಿನ ತಪಾಸಣೆಯ ಅವಧಿಯನ್ನು ಅದರ ಮೇಲೆ ಒಂದು ಅಕ್ಷರ ಮತ್ತು ವರ್ಷದ ಅಂಕಿಗಳಲ್ಲಿ ನಮೂದಿಸಿರುತ್ತಾರೆ. ಸ್ಟಿಯರಿಂಗ್ ಬಾಕ್ಸಿಗೂ ಇದೇ ಕ್ರಮ ಸಾಧ್ಯ. ಅಮೆರಿಕದಲ್ಲಿ ಪುನರ್ನಿರ್ಮಿತ ಬಿಡಿಭಾಗ ಕೊಳ್ಳುವಾಗ ಹಳೆಯದರ ಲೆಕ್ಕಕ್ಕೆ ಠೇವಣಿ ಇಟ್ಟು, ಅದನ್ನು ಹಿಂದಿರುಗಿಸಿದಾಗ ಹಣ ಮರಳಿ ಪಡೆಯುವ ಪದ್ಧತಿ ಬಹುಕಾಲದಿಂದ ಇದೆ. ನಮ್ಮಲ್ಲೂ ಚಾಲಕ ಸವೆದ ಬಾಕ್ಸನ್ನು ಕೊಟ್ಟು, ಪರೀಕ್ಷಿಸಿ ಮುದ್ರೆಯೊತ್ತಿದ ಬಾಕ್ಸನ್ನು ಪಡೆದು, ಅದೇ ದಿನ ದುಡಿಮೆಗೆ ಮರಳುವಂತಾಗಬೇಕು. ಕಟ್ಟಿದವರ ಗುರುತು, ದಿನಾಂಕ, ಬದಲಿಸಿದ ಅಂಗಗಳ ವಿವರ, ಆರು ತಿಂಗಳ ಲಿಖಿತ ಖಾತರಿ ಇಷ್ಟಿದ್ದರೆ ಸಾಕು.

ಇದಕ್ಕೆ ಬೇಕಾದ ಸಾಮರ್ಥ್ಯ ಪಶ್ಚಿಮ ಬೆಂಗಳೂರಿನಲ್ಲೇ ಇದೆ. ಡೆನ್ಮಾರ್ಕ್ ನೆರವಿನೊಂದಿಗೆ 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇರುವುದು ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ. ಸುತ್ತಲೂ ಲೇತ್ ಮತ್ತು ಗ್ರೈಂಡಿಂಗ್ ಕೆಲಸದಲ್ಲಿ ನುರಿತ ಕೈಗಳಿವೆ. ಪರೀಕ್ಷಾ ಕ್ರಮವನ್ನು ಆ ಕೇಂದ್ರ ರೂಪಿಸಲಿ, ಕೆಲಸಗಾರರಿಗೆ ಅಲ್ಪಾವಧಿ ತರಬೇತಿ ನೀಡಲಿ. ಇದು ಮತ್ತೊಂದು ಲೈಸೆನ್ಸ್ ರಾಜ್ಯಕ್ಕೆ ದಾರಿಯಾಗದೇ ಎಂಬ ಆತಂಕ ನ್ಯಾಯವಾದದ್ದು. ಆಡಳಿತದಲ್ಲಿ ದಶಕಗಳನ್ನು ಕಳೆದ ಯಾರೂ ಅದನ್ನು ತಳ್ಳಿಹಾಕಲಾರರು. ಆದ್ದರಿಂದ ಮುದ್ರೆ ಕಡ್ಡಾಯವಾಗುವುದು ಬೇಡ, ಐಚ್ಛಿಕವಾಗಿರಲಿ. ಪಡೆದವರಿಗೆ ಮಾರುಕಟ್ಟೆಯೇ ಪ್ರತಿಫಲ ಕೊಡುತ್ತದೆ.

ಸಾರಿಗೆ ಇಲಾಖೆಯ ಹೊಣೆ ಇನ್ನೊಂದಿದೆ. ಸರಕು ವಾಹನಗಳು ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಬಳಿಕ ಪ್ರತಿ ವರ್ಷ ಎಫ್‌ಸಿ ಪಡೆಯಬೇಕು. ಆ ಸಂದರ್ಭದಲ್ಲಿ ಸ್ಟಿಯರಿಂಗ್‌ನ ಸಡಿಲತೆಯನ್ನು ಡಿಗ್ರಿಗಳಲ್ಲಿ ಅಳೆದು, ಆ ಅಂಕಿಯನ್ನು ಮಾಲೀಕನಿಗೆ ಬರೆದುಕೊಡಲಿ. ಕಳೆದ ವರ್ಷ 12 ಇದ್ದದ್ದು ಈ ವರ್ಷ 22 ಆಗಿದೆ ಎಂದು ತಿಳಿದವನು 30 ಮುಟ್ಟುವವರೆಗೆ ಕಾಯಲಾರ. ಪಾಸು, ಫೇಲು ಎಂಬ ಒಂದೇ ಪದಕ್ಕಿಂತ ಒಂದು ಅಂಕಿ ಹೆಚ್ಚು ಕಲಿಸುತ್ತದೆ. ಅಳೆಯಲು ಬೇಕಾದದ್ದು ಕೋನಮಾಪಕ ಮತ್ತು ಐದು ನಿಮಿಷ. ರಾಜಾಜಿನಗರದ ಪಶ್ಚಿಮ ಆರ್‌ಟಿಒ ಕಚೇರಿ ಈ ಪ್ರಯೋಗವನ್ನು ಒಂದು ವರ್ಷ ನಡೆಸಿ, ಬಂದ ಅಂಕಿಗಳನ್ನು ಜನರ ಮುಂದಿಡಲಿ.