ಹಳೆಯ ಮೋಟಾರಿನ ಬಿಡಿಭಾಗಗಳನ್ನು ಕಟ್ಟಿ ಕಳುಹಿಸುವ ಕ್ರಮ

ಉಪಯೋಗ ತೀರಿತೆಂದು ಅಟ್ಟಕ್ಕೇರಿಸಿದ ವಸ್ತುವಿಗೂ ಒಂದೊಂದು ವೇಳೆ ಎರಡನೆಯ ಜನ್ಮವುಂಟಾಗುವುದುಂಟು. ಹಳೆಯ ಮೋಟಾರು ಗಾಡಿಗಳ ಬಿಡಿಭಾಗಗಳ ವಿಷಯದಲ್ಲಿ ಈಗ ನಡೆಯುತ್ತಿರುವುದು ಇದೇ. ಇಂಗ್ಲೆಂಡಿನಲ್ಲಿ 1948ರಲ್ಲಿ ಹೊರಬಂದ ಮಾರಿಸ್ ಮೈನರ್ ಗಾಡಿಯ ತಯಾರಿಕೆ 1970ರ ದಶಕದ ಆದಿಯಲ್ಲಿಯೇ ನಿಂತಿತು. ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಹುಟ್ಟಿ, ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗಿ, ಅರ್ಧ ಶತಮಾನಕ್ಕೂ ಮೀರಿದ ಕಾಲ ನಮ್ಮ ರಸ್ತೆಗಳನ್ನಾಳಿದ ಅಂಬಾಸಡರ್ 2014ರಲ್ಲಿ ನಿಂತುಹೋಯಿತು. ಆದರೆ ಕಾರ್ಖಾನೆ ನಿಂತ ಮಾತ್ರಕ್ಕೆ ಗಾಡಿ ನಿಲ್ಲಲಿಲ್ಲ. ಅವುಗಳನ್ನು ಅಕ್ಕರೆಯಿಂದ ಕಾಪಾಡಿ ಓಡಿಸುವವರು ಇಂದಿಗೂ ಇದ್ದಾರೆ. ಅವರಿಗೆ ಬೇಕಾದ ದೀಪದ ಗಾಜೋ, ಕಾರ್ಬ್ಯುರೇಟರೋ, ಬಾಗಿಲ ಹಿಡಿಯೋ ಅಂಗಡಿಯಲ್ಲಿ ದೊರೆಯದೆ, ಯಾರದೋ ತಂದೆಯವರು ಕೂಡಿಟ್ಟ ತಗಡಿನ ಪೆಟ್ಟಿಗೆಯಲ್ಲಿ ದೊರೆಯುತ್ತದೆ. ಮನೆಯಲ್ಲಿರುವ ಇಂಥ ಸಾಮಾನನ್ನು ದೂರದವರಿಗೆ ಕಳುಹಿಸುವ ಬಗೆ ಹೇಗೆಂದು ವಾಚಕರಲ್ಲಿ ಕೆಲವರು ಕೇಳಿರುವುದರಿಂದ, ಈ ತಿಂಗಳ ಲೇಖನವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ನಮ್ಮ ಪರಿಚಯದ ಗೃಹಸ್ಥರೊಬ್ಬರು ಹಿಂದೊಮ್ಮೆ ಒಂದು ಜೊತೆ ಮುಂದೀಪಗಳನ್ನು ಪರಸ್ಥಳಕ್ಕೆ ಕಳುಹಿಸಿದರು. ಅವುಗಳನ್ನು ವೃತ್ತಪತ್ರಿಕೆಯಲ್ಲಿ ಸುತ್ತಿ, ಅದೇ ಪೆಟ್ಟಿಗೆಯಲ್ಲಿ ಗಾಡಿಯೆತ್ತುವ ಕಬ್ಬಿಣದ ಜಾಕನ್ನೂ ಇಟ್ಟಿದ್ದರು. ತಲಪಿದ ಪೆಟ್ಟಿಗೆಯ ಒಂದು ಮೂಲೆಯೂ ಜಜ್ಜಿರಲಿಲ್ಲ. ಒಳಗಿನ ಗಾಜುಗಳು ಮಾತ್ರ ಚೂರಾಗಿದ್ದುವು. ಮೊಮ್ಮಗಳ ಮದುವೆಯ ಮೆರವಣಿಗೆಗೆ ಆ ಗಾಡಿಯನ್ನೇ ಸಿದ್ಧಗೊಳಿಸಬೇಕೆಂದು ಎರಡು ವರ್ಷ ದೀಪಗಳನ್ನು ಹುಡುಕಿದ್ದ ಮುದುಕರೊಬ್ಬರು ಅದನ್ನು ಬಿಚ್ಚಿ ನೋಡಿದರಂತೆ. ಹಣ ಹಿಂದಕ್ಕೆ ಬಂದಿತು, ದೀಪ ಬರಲಿಲ್ಲ. ಅಕ್ಕಿ ಚೆಲ್ಲಿದರೆ ಮತ್ತೆ ಕೊಳ್ಳಬಹುದು. ತಯಾರಿಕೆಯೇ ನಿಂತುಹೋದ ವಸ್ತು ಒಡೆದರೆ ಪ್ರಪಂಚದಲ್ಲಿ ಅಂಥದೊಂದು ಕಡಿಮೆಯಾಯಿತೆಂದೇ ಅರ್ಥ.

ನಮ್ಮ ಧರ್ಮಶಾಸ್ತ್ರಕಾರರು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಪರರ ಕೈಗೊಪ್ಪಿಸಿದ ವಸ್ತುವಿಗೆ ‘ಉಪನಿಧಿ’ ಎಂದು ಹೆಸರಿಟ್ಟು, ಅದನ್ನು ಇದ್ದ ಸ್ಥಿತಿಯಲ್ಲಿಯೇ ಒಪ್ಪಿಸತಕ್ಕದ್ದೆಂದು ವಿಧಿಸಿದ್ದಾರೆ. ಅರಸನಿಂದಲೋ, ದೈವದಿಂದಲೋ, ಕಳ್ಳರಿಂದಲೋ ನಷ್ಟವಾದರೆ ಮಾತ್ರ ಅದನ್ನು ಇಟ್ಟುಕೊಂಡವನಿಗೆ ವಿನಾಯಿತಿ. ಬೆಲೆಯನ್ನು ಪಡೆದ ಕ್ಷಣದಿಂದ ಆ ಬಿಡಿಭಾಗವೂ ನಮ್ಮ ಕೈಯಲ್ಲಿರುವ ಪರರ ಒಡವೆಯೇ. ಹೀಗಿರುವಲ್ಲಿ, ಒಳಗೆ ಮೆತ್ತೆಯಿಡದೆ ಕಳುಹಿಸಿ, ಒಡೆದ ಮೇಲೆ “ದೈವೇಚ್ಛೆ” ಎಂದೋ “ಸಾಗಿಸಿದವನ ತಪ್ಪು” ಎಂದೋ ಹೇಳುವ ಅಧಿಕಾರ ನಮಗಿಲ್ಲ. ಬಹುತೇಕ ವಸ್ತುಗಳು ಒಡೆಯುವುದು ದಾರಿಯಲ್ಲಿಯಾದರೂ, ಅದರ ಕಾರಣವು ನಮ್ಮ ಮನೆಯ ಜಗಲಿಯ ಮೇಲೆಯೇ ಸಿದ್ಧವಾಗಿರುತ್ತದೆ.

ಒಡೆಯುವುದೇಕೆಂಬುದನ್ನು ಸ್ವಲ್ಪ ವಿಚಾರಿಸೋಣ. ಸೊಂಟದೆತ್ತರದಿಂದ, ಎಂದರೆ ಸುಮಾರು 75 ಸೆಂಟಿಮೀಟರಿನಿಂದ, ಪೆಟ್ಟಿಗೆಯು ಕೈಜಾರಿ ಬಿದ್ದಿತೆನ್ನೋಣ. ಪೆಟ್ಟಿಗೆ ನೆಲಕ್ಕೆ ತಾಗಿ ನಿಂತರೂ ಒಳಗಿನ ವಸ್ತು ನಿಲ್ಲುವುದಿಲ್ಲ. ತಾನು ಬಂದ ವೇಗದಲ್ಲಿಯೇ ಮುಂದುವರಿಯುತ್ತದೆ. ಅದು ಮೆತ್ತೆಯನ್ನು ಅದುಮುತ್ತ ಎರಡೂವರೆ ಸೆಂಟಿಮೀಟರಿನಷ್ಟು ದೂರ ಸರಿದು ನಿಂತರೆ, ಅದರ ಮೇಲೆ ಬೀಳುವ ಒತ್ತಡವು ಅದರ ತೂಕದ ಸುಮಾರು 30 ಪಟ್ಟು. ಮೆತ್ತೆಯಿಲ್ಲದೆ ಎರಡೂವರೆ ಮಿಲಿಮೀಟರಿನೊಳಗೇ ನಿಲ್ಲಬೇಕಾದರೆ ಅದೇ ಒತ್ತಡವು ಸುಮಾರು 300 ಪಟ್ಟಾಗುತ್ತದೆ. ಗಾಜಿನ ಅಳಿವು ಉಳಿವು ಈ ಎರಡು ಲೆಕ್ಕಗಳ ನಡುವೆ ಇದೆ. ಮೆತ್ತೆಯು ಪೂರ್ತಿಯಾಗಿ ಅದುಮಿಹೋಗಬಾರದಾದ ಕಾರಣ, ವಸ್ತುವಿನ ಸುತ್ತಲೂ, ಆರು ಮುಖಗಳಲ್ಲಿಯೂ, ಕನಿಷ್ಠ 5 ಸೆಂಟಿಮೀಟರಿನಷ್ಟು ಮೆತ್ತೆಯಿರುವುದು ಅವಶ್ಯ. ತೂಕದ ವಸ್ತುವಿಗೆ ಇನ್ನೂ ಗಟ್ಟಿಯಾದ ಮೆತ್ತೆ ಬೇಕು.

ಕಟ್ಟುವುದಕ್ಕೆ ಮೊದಲು ಶುದ್ಧಿ. ಕಾರ್ಬ್ಯುರೇಟರು, ಪೆಟ್ರೋಲ್ ಪಂಪು, ತೊಟ್ಟಿ ಮೊದಲಾದುವುಗಳಲ್ಲಿ ಒಂದು ಹನಿ ಇಂಧನವೂ ಉಳಿಯಬಾರದು. ಇಂಧನದ ಆವಿಯುಳ್ಳ ವಸ್ತುವನ್ನು ವಿಮಾನದಲ್ಲಾಗಲಿ ಅಂಚೆಯಲ್ಲಾಗಲಿ ಕಳುಹಿಸುವುದು ಅಪಾಯವೂ ಹೌದು, ನಿಷಿದ್ಧವೂ ಹೌದು. ಎಣ್ಣೆಯನ್ನೂ ಬ್ರೇಕಿನ ದ್ರವವನ್ನೂ ಬಸಿದು, ರಂಧ್ರಗಳಿಗೆ ಬಿರಡೆಯಿಟ್ಟು, ವಸ್ತುವನ್ನು ಗಾಳಿಯಲ್ಲಿ ಒಣಗಿಸಬೇಕು. ಉಕ್ಕಿನ ಮತ್ತು ಎರಕದ ಕಬ್ಬಿಣದ ಭಾಗಗಳಿಗೆ ತೆಳುವಾಗಿ ಎಣ್ಣೆ ಸವರಿ, ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣದೊಡನೆ ಮುಚ್ಚಿದರೆ ತುಕ್ಕಿನ ಭಯವಿಲ್ಲ. ರಬ್ಬರಿಗೆ ಮಾತ್ರ ಎಣ್ಣೆ ಶತ್ರು. ಅದನ್ನು ಬೇರೆಯಾಗಿಯೇ ಇಡತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಹಳೆಯ ಬ್ರೇಕುಗಳ, ಕ್ಲಚ್ಚುಗಳ ಅಸ್ತರಿಯಲ್ಲಿಯೂ ಇಂಜಿನಿನ ಗ್ಯಾಸ್ಕೆಟ್ಟುಗಳಲ್ಲಿಯೂ ಕಲ್ನಾರು ಇರುವ ಸಂಭವ ಬಹಳ. ಅದರ ಧೂಳು ಶ್ವಾಸಕೋಶಕ್ಕೆ ಘೋರವಾದ ಕೆಡುಕನ್ನುಂಟುಮಾಡುತ್ತದೆ. ಇಂಥವನ್ನು ಉಜ್ಜುವುದಾಗಲಿ, ಊದುವುದಾಗಲಿ, ಮಕ್ಕಳ ಕೈಗೆ ಕೊಡುವುದಾಗಲಿ ಸರ್ವಥಾ ಕೂಡದು. ಆಸ್ಟ್ರೇಲಿಯವು 2003ರ ಡಿಸೆಂಬರ್ 31ರಿಂದ ಕಲ್ನಾರುಳ್ಳ ಯಾವ ವಸ್ತುವನ್ನೂ ಒಳಗೆ ಬಿಡದಂತೆ ನಿಷೇಧಿಸಿತು. ಆದಕಾರಣ ಅವುಗಳನ್ನು ಕಳುಹಿಸದಿರುವುದೇ ಲೇಸು.

ಇನ್ನು ಒಂದೊಂದರ ಸ್ವಭಾವ. ಗಾಜು ಮಲಗಬಾರದು, ಅಂಚಿನ ಮೇಲೆ ನಿಂತಿರಬೇಕು. ಮಲಗಿಸಿದ ಗಾಜು ಮೇಲಿನ ಭಾರಕ್ಕೂ ಕೆಳಗಿನ ಕುಲುಕಿಗೂ ಬೇಗ ಸೋಲುತ್ತದೆ. ಎರಕದ ಕಬ್ಬಿಣ ನೋಡುವುದಕ್ಕೆ ಗಟ್ಟಿಯಾದರೂ ಬಾಗದೆ ಬಿರಿಯುವ ಜಾತಿಯದು. ಸತುವಿನ ಮಿಶ್ರಲೋಹದ ಹಿಡಿಗಳೂ, ಬೇಕಲೈಟಿನ ಮುಚ್ಚಳಗಳೂ ವಯಸ್ಸಾದಂತೆ ಪೆಡಸಾಗುತ್ತವೆ. ಅವುಗಳನ್ನು ಗಾಜೆಂದೇ ಭಾವಿಸುವುದು ಕ್ಷೇಮ. ರೇಡಿಯೇಟರಿನ ತೆಳುವಾದ ಎಸಳುಗಳನ್ನು ರಕ್ಷಿಸಲು ಅದರ ಎರಡು ಮುಖಗಳಿಗೂ ಪ್ಲೈವುಡ್ಡಿನ ಹಲಗೆಯನ್ನು ಕಟ್ಟಬೇಕು. ಕ್ರೋಮಿಯಂ ಲೇಪದ ಭಾಗಗಳಿಗೆ ವೃತ್ತಪತ್ರಿಕೆಯನ್ನು ನೇರವಾಗಿ ಸುತ್ತಬಾರದು. ಅದರ ಮಸಿಯೂ ಅದು ಹೀರಿಕೊಂಡ ತೇವವೂ ಹೊಳಪನ್ನು ಕೆಡಿಸುತ್ತವೆ. ಮೊದಲು ಶುಭ್ರವಾದ ಹಳೆಯ ಪಂಚೆಯ ತುಂಡು, ಅದರ ಮೇಲೆ ಗಾಳಿಗುಳ್ಳೆಯ ಪ್ಲಾಸ್ಟಿಕ್ ಹಾಳೆ, ಇದು ಕ್ರಮ.

ಭಾರವಾದುದನ್ನೂ ಹಗುರವಾದುದನ್ನೂ ಒಂದೇ ಪೆಟ್ಟಿಗೆಯಲ್ಲಿಡುವುದು ಮಾತ್ಸ್ಯನ್ಯಾಯಕ್ಕೆ ದಾರಿಮಾಡಿದಂತೆ. ದೊಡ್ಡ ಮೀನು ಚಿಕ್ಕದನ್ನು ನುಂಗಿಯೇ ತೀರುವುದು. ಮೇಲೆ ಹೇಳಿದ ದೀಪಗಳನ್ನು ಒಡೆದುದು ರಸ್ತೆಯಲ್ಲ, ಮಗ್ಗುಲಲ್ಲಿದ್ದ ಜಾಕು. ತಿರುಪು, ಬಿಲ್ಲೆ, ಸ್ಪ್ರಿಂಗು ಮೊದಲಾದ ಚಿಕ್ಕ ಸಾಮಾನುಗಳನ್ನು ಬಟ್ಟೆಯ ಪುಟ್ಟ ಚೀಲಗಳಲ್ಲಿ ಕಟ್ಟಿ, ಒಂದೊಂದಕ್ಕೂ ಚೀಟಿ ಬರೆದು ತೂಗುಹಾಕಿದರೆ ಪಡೆದವರು ಮನಸ್ಸಿನಲ್ಲಿಯೇ ನಮಸ್ಕರಿಸುವರು.

ನಾಜೂಕಾದ ವಸ್ತುವಿಗೆ ಎರಡು ಪೆಟ್ಟಿಗೆ ಬೇಕು: ಸುತ್ತಿದ ವಸ್ತು ಅಲುಗದಂತೆ ಹಿಡಿಯುವ ಒಳಪೆಟ್ಟಿಗೆ ಒಂದು, ಅದರ ಸುತ್ತಲೂ 5 ಸೆಂಟಿಮೀಟರು ಮೆತ್ತೆಗೆ ಸ್ಥಳವುಳ್ಳ ಹೊಸ ರಟ್ಟಿನ ಹೊರಪೆಟ್ಟಿಗೆ ಮತ್ತೊಂದು. ಮುಚ್ಚಿದ ಮೇಲೆ ಮೆಲ್ಲನೆ ಅಲುಗಾಡಿಸಿ ಕಿವಿಗೊಡಬೇಕು. ಒಳಗಿನಿಂದ ಸದ್ದು ಬಂದರೆ ಕೆಲಸ ಮುಗಿದಿಲ್ಲ; ಬಿಚ್ಚಿ, ಇನ್ನಷ್ಟು ತುಂಬತಕ್ಕದ್ದು. ಅಂಟುಪಟ್ಟಿಯನ್ನು ನಡುಗೆರೆಯ ಮೇಲೆ ಮಾತ್ರವಲ್ಲದೆ ಎರಡು ಕೊನೆಗಳ ಅಂಚಿಗೂ ಅಂಟಿಸಬೇಕು.

ಜಾಗಕ್ಕೂ ಹಣವಾಗುತ್ತದೆಂಬುದು ನಿಜ. ವಿಮಾನದಲ್ಲಿ ಸಾಗಿಸುವ ಕೊರಿಯರಿನವರಲ್ಲಿ ಅನೇಕರು ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ, ಬಂದ ಅಂಕಿಯನ್ನೇ ಕಿಲೋಗ್ರಾಮು ತೂಕವೆಂದು ಹಿಡಿಯುತ್ತಾರೆ. 60, 50, 40 ಅಳತೆಯ ಪೆಟ್ಟಿಗೆ ಒಳಗೆ ಹಗುರಾಗಿದ್ದರೂ 24 ಕಿಲೋಗ್ರಾಮೇ. ಈ ಲೆಕ್ಕಕ್ಕೆ ಅಂಜಿ ಪೆಟ್ಟಿಗೆಯನ್ನು ಕಿರಿದು ಮಾಡುವ ಲೋಭವುಂಟಾಗುವುದು ಸಹಜ. ಕೊಳ್ಳುವವರಿಗೆ ಈ ವೆಚ್ಚವನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆಯುವುದು ನ್ಯಾಯ. ಮೆತ್ತೆಯನ್ನು ಕದ್ದು ಉಳಿಸುವುದು ಅನ್ಯಾಯ.

ಇಂಜಿನು, ವಕ್ರದಂಡ ಮೊದಲಾದ ಭಾರದ ವಸ್ತುಗಳಿಗೆ ಮರದ ಪೆಟ್ಟಿಗೆಯೇ ಆಗಬೇಕು. ಅವುಗಳನ್ನು ಅಡಿಗೆ ಹೊಂದುವ ಮರದ ತೊಟ್ಟಿಲಿನಲ್ಲಿ ಕೂರಿಸಿ ಬೋಲ್ಟಿನಿಂದ ಬಿಗಿಯಬೇಕು. ಪರದೇಶಕ್ಕಾದರೆ ಆ ಮರದೊಳಗಿನ ಹುಳುಗಳು ಸಾಯುವಂತೆ ಅದರ ತಿರುಳಿನ ವರೆಗೆ 56 ಡಿಗ್ರಿ ಸೆಲ್ಸಿಯಸ್ ಶಾಖವನ್ನು 30 ನಿಮಿಷ ಕೊಟ್ಟೋ, ಒಪ್ಪಿತವಾದ ಬೇರೆ ಉಪಚಾರದಿಂದಲೋ ಸಂಸ್ಕರಿಸಿ, ಗೋಧಿಯ ತೆನೆಯ ಮುದ್ರೆಯೊತ್ತಿರಬೇಕೆಂದು 2002ರಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ವಿಧಿಯಿದೆ. ಪ್ಲೈವುಡ್ಡಿಗೆ ಆ ಬಂಧನವಿಲ್ಲ. ನಮ್ಮ ದೇಶದ ರಫ್ತಿನ ನಿಯಮಗಳಲ್ಲಿ 1950ಕ್ಕೆ ಹಿಂದಿನ ಮೋಟಾರುಗಳೂ ಅವುಗಳ ಭಾಗಗಳೂ ನಿರ್ಬಂಧಿತ ವಸ್ತುಗಳ ಪಟ್ಟಿಗೆ ಸೇರಿದುದುಂಟಾದ್ದರಿಂದ, ಹಣ ಪಡೆಯುವುದಕ್ಕೆ ಮುಂಚೆಯೇ ಕಸ್ಟಮ್ಸ್ ವ್ಯವಹಾರ ಬಲ್ಲವರನ್ನು ಕೇಳಿ ತಿಳಿಯುವುದು ಉತ್ತಮ.

ಕಟ್ಟುವಾಗ ಒಂದೊಂದು ಹಂತದಲ್ಲಿಯೂ ಛಾಯಾಚಿತ್ರ ತೆಗೆದಿರಿಸಿ. ವಿಮೆಯವರ ಮುಂದೆ ಅದೇ ಸಾಕ್ಷಿ. ಇಬ್ಬರ ವಿಳಾಸಗಳನ್ನೂ ಸಾಮಾನಿನ ಪಟ್ಟಿಯನ್ನೂ ಪೆಟ್ಟಿಗೆಯ ಒಳಗೂ ಒಂದು ಹಾಳೆಯಲ್ಲಿ ಬರೆದಿಡಿ. ಹೊರಗಿನ ಚೀಟಿ ಮಳೆಗೆ ಕಿತ್ತುಹೋಗಬಹುದು. “ಗಾಜು, ಜೋಪಾನ” ಎಂದು ಕೆಂಪಕ್ಷರದಲ್ಲಿ ಬರೆಯುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ನಡುರಾತ್ರಿ ಲಾರಿಯಿಂದ ಮೂಟೆಯಿಳಿಸುವವನಿಗೆ ಅದನ್ನೋದುವ ಬೆಳಕೂ ಬಿಡುವೂ ಇರಲಾರದು. ಅವನು ಅದನ್ನು ಓದಲಿಲ್ಲವೆಂದೇ ಎಣಿಸಿ ಕಟ್ಟಿರಿ.