ಪರದೆ ಮ್ಯಾಲ ನಮ್ಮ ಮಾತು!

ಚಿತ್ರರಸಿಕ ದೋಸ್ತರೇ, 2025 ನಮ್ಮ ಸೀಮೆಗೆ ಎರಡು ಪೆಟ್ಟು ಕೊಟ್ಟಿತು. ಜುಲೈ 14ರಂದು ಬಿ. ಸರೋಜಾದೇವಿ ಅಗಲಿದರು. 1961ರಲ್ಲಿ ಪಂತುಲು ಅವರ ಚಿತ್ರದಲ್ಲಿ ನಮ್ಮ ಜಿಲ್ಲೆಯ ಕಿತ್ತೂರು ಚೆನ್ನಮ್ಮನಾಗಿ ಮೆರೆದ ಅಭಿನಯ ಸರಸ್ವತಿ! ಆದರೆ ಆ ರಾಣಿ ಆಡಿದ್ದು ಪುಸ್ತಕದ ಕನ್ನಡ.

ನಮ್ಮ ಮಾತನ್ನು ಇದ್ದಹಾಂಗ ಪರದೆಗೆ ತಂದವರು ರಾಜು ತಾಳಿಕೋಟೆ. ಅಕ್ಟೋಬರ್ 13ರಂದು ಹೃದಯಾಘಾತ... ಉಡುಪಿ ಕಡೆ ಶೂಟಿಂಗಿಗೆ ಹೋದವರು ಮಣಿಪಾಲದಲ್ಲೇ ಕಣ್ಣು ಮುಚ್ಚಿದರು. ಆಗ ಅವರು ಧಾರವಾಡ ರಂಗಾಯಣದ ನಿರ್ದೇಶಕರು. ‘ಮನಸಾರೆ’ (2009), ‘ರಾಜಾಹುಲಿ’ (2013) ನೋಡಿ ನೀವು ಸಿಳ್ಳೆ ಹೊಡೆದಿದ್ದೀರಿ. ನಾನಂತೂ ಸಣ್ಣವನಿದ್ದಾಗ ಅಥಣಿ ಹಾದಿಯ ಕಬ್ಬಿನ ಟ್ರ್ಯಾಕ್ಟರಿನ ಟೇಪಿನಾಗ ‘ಕಲಿಯುಗದ ಕುಡುಕ’ ಕೇಳಿ ಬಿದ್ದು ಬಿದ್ದು ನಕ್ಕವನು!

ಹೀರೋ ಸತ್ತರೆ ಚಿಕ್ಕೋಡಿ, ನಿಪ್ಪಾಣಿ ಸ್ಟ್ಯಾಂಡಿನಾಗ ಫ್ಲೆಕ್ಸ್ ಏಳ್ತಾವ. ನಗಿಸಿದವನಿಗೆ ಯಾಕಿಲ್ಲ?

ಫ್ಲೆಕ್ಸ್ ಹೋಗಲಿ ಬಿಡ್ರಿ. ಕಂಪನಿ ನಾಟಕದ ತಗಡಿನ ಥೇಟರಿನಾಗ ಬೆಳೆದ ನಟ ಅವರು. ಅದು ಖಾಲಿ ಹೊಡೆದರೆ ಮುಂದಿನ ರಾಜು ಎಲ್ಲಿಂದ ಬರಬೇಕು? ಕಾಗವಾಡದ ಗೆಳೆಯರೇ, ಮಿರಜಿಗೆ ಹೋಗಿ ಹಿಂದಿ ಪಿಕ್ಚರ್ ನೋಡ್ರಿ, ಬ್ಯಾಡ ಅನ್ನೂದಿಲ್ಲ. ರಾಯಬಾಗದವರೇ, ನೀವೂ ಕೇಳ್ರಿ. ಈ ಸಲ ಜಾತ್ರೆಗೆ ನಾಟಕ ಬಂದರೆ ಒಂದು ಟಿಕೇಟು ತಗೀರಿ. ಅವರಿಗೆ ಅದೇ ಹಾರ!